ಸುಣ್ಣದ ಡಬ್ಬಿ

ಆ ವರ್ಷ ಗೆರೆ ಎಳೆದವರು ಇಬ್ಬರು.
ಒಬ್ಬರು ದಿಲ್ಲಿಯವರು, ನಕಾಶೆಯ ಮ್ಯಾಲ.
ಇನ್ನೊಬ್ಬ ನಾನು, ಹನ್ನೆರಡು ವರ್ಷದಾವ,
ಕಮಲನಗರ ಸ್ಟೇಷನ್ ಹಿಂದಿನ ಬಯಲಿನ್ಯಾಗ
ತಳಕ್ಕ ತೂತು ಹೊಡೆದ ಡಾಲ್ಡಾ ಡಬ್ಬಿಯಿಂದ
ಸುಣ್ಣ ಉದುರಿಸಿಕೋತ.
ನನ್ನ ಗೆರೆ ನಡುವ ಸೊಟ್ಟ ಬಂದಿತ್ತು.
ಅವರದೂ.

ಹೋದ ಚಳಿಗಾಲದ ತನಕ ಒಂದೇ ಟೀಮು.
ಬನಿಯನ್ ಮ್ಯಾಲ ಬೀದರ ಅಂತ ಉರ್ದುದಾಗ ಬರೆಸಿ
ಗುಲಬರ್ಗಾದವರ ಮೊಣಕಾಲು ಕೆತ್ತಿ ಬಂದಿದ್ವಿ.
ಈಗ ಉದಗೀರ ಮುಂಬಯಿ ರಾಜ್ಯ, ನಾವು ಮೈಸೂರು ರಾಜ್ಯ.
ಮೈಸೂರು ನಾವು ನೋಡಿದ್ದು ಸಾಬೂನಿನ ಡಬ್ಬಿ ಮ್ಯಾಲ,
ಮುಂಬಯಿ ಅವರು ನೋಡಿದ್ದು ಮಿಲ್ ಧೋತರದ ಠಸ್ಸೆಯೊಳಗ.
ಇರಲಿ. ರಾಜ್ಯಕ್ಕ ರಾಜ್ಯ, ಮೂರು ಆಟ ಅಂತ ಠರಾವಾತು.
ಒಂದು ಅಲ್ಲಿ, ಒಂದು ಇಲ್ಲಿ,
ಮೂರನೇದಕ್ಕ ಹಾಲಿ ರುಪಾಯಿ ಹಾರಿಸಿದರು.
ಚಾರಮಿನಾರ ಬಿತ್ತು. ಆಟ ನಮ್ಮಲ್ಲಿ.

ಯಾರು ಯಾರ ಕಡೆ ಅಂತ ಜಗಳ ಎದ್ದಾಗ
ಡ್ರಿಲ್ ಮಾಸ್ತರ ಸರ್ಫರಾಜಸಾಬರು ಬೆಲ್ಟು ಬಿಗಿದು ಅಂದರು:
"ಹುಟ್ಟಿದ್ದು ಎಲ್ಲಿ, ಆಡೂದು ಅಲ್ಲಿ."
ಮಾತು ಛಂದ ಇತ್ತು. ಎಲ್ಲರೂ ತಲಿ ಹಾಕಿದರು.
ಚೊಚ್ಚಲ ಬಾಣಂತನ ತವರಿನ್ಯಾಗ ಆಗ್ತದ ಅನ್ನೂದು
ಆ ಗಂಡಸರಿಗೆ ಯಾರಿಗೂ ಹೊಳಿಲಿಲ್ಲ.

ನಮ್ಮೂರ ಸೊಸೆಯರು ಉದಗೀರ ಕಡೆಯವರು,
ಉದಗೀರದ ಸೊಸೆಯರು ಭಾಲ್ಕಿ, ಔರಾದ ಕಡೆಯವರು.
ಒಂದೇ ಮಾತಿಗೆ ನಮ್ಮ ಹಿರೇಮಕ್ಕಳೆಲ್ಲ ಮುಂಬಯಿಗೆ ಹೋದರು,
ಅವರ ಹಿರೇಮಕ್ಕಳು ಮೈಸೂರಿಗೆ ಬಂದರು.
ಘಾಳೆಪ್ಪ ಆ ಕಡೆ, ತಮ್ಮ ಧೂಳಪ್ಪ ಈ ಕಡೆ.
ರಾತ್ರಿ ಇಬ್ಬರಿಗೂ ಒಂದೇ ಕೌದಿ.
ಅವರವ್ವ ಬಾಗಿಲಿನ್ಯಾಗ ನಿಂತು
ಸೂಲಗಿತ್ತಿಗೆ ಬೈದಳಂತ.

ಘಾಳೆಪ್ಪನ ದಮ್ಮು ಅಂದರ ದಮ್ಮು.
ಹುತುತು ಅಂತ ಶುರು ಮಾಡಿದರ
ಪರಳಿ ಪ್ಯಾಸೆಂಜರ್ ನೀರು ಕುಡಿದು ಸೀಟಿ ಹೊಡೆದು ಹೋಗೂ ತನಕ
ಕಡಿತಿರಲಿಲ್ಲ.
ಅವರೂ ಹುತುತು ಅಂತಿದ್ದರು, ನಾವೂ ಹುತುತು.
ಜಿಲ್ಲಾ ಹಂಚುವಾಗ
ಇದೊಂದು ಮಾತು ಹಂಚೂದು ಮರೆತಿದ್ದರು.

ಮೊದಲನೇ ಆಟ ಅವರದು. ಎರಡನೇದು ನಮ್ಮದು;
ಬಂಡೆಪ್ಪನ ಮುಂದಿನ ಹಲ್ಲು ಇನ್ನೂ ಆ ಮಣ್ಣಿನ್ಯಾಗ ಅದ.

ಮೂರನೇದು ಎಳ್ಳಮಾಸಿ ಮರುದಿನ. ಹೊಟ್ಟಿ ತುಂಬ ಭಜ್ಜಿ.
ಬಿಸಿಲು ಇಳಿತು, ಲೆಕ್ಕ ಸರಿಸಮ ನಿಂತಿತು,
ನಮ್ಮ ಕಡೆ ಉಳಿದವ ಧೂಳಪ್ಪ ಒಬ್ಬನೇ.
ಘಾಳೆಪ್ಪ ಬಂದ,
ತೊಡಿ ಮ್ಯಾಲ ಕುಸುಬಿ ಎಣ್ಣಿ ಹೊಳಿಲತ್ತಿತ್ತು.
ಹುತುತು ಹುತುತು,
ನಸುಕಿನ್ಯಾಗ ಎಬ್ಬಿಸೂ ಹಂಗ ತಮ್ಮನ ಭುಜ ಮುಟ್ಟಿದ,
ತಿರುಗಿದ, ಓಡಿದ.
ಧೂಳಪ್ಪ ಹಾರಿ ಹರಡು ಹಿಡಿದ.
ಇಬ್ಬರೂ ನೆಲದ ಮ್ಯಾಲ. ಮಂದಿ ಸುಮ್ಮನಾತು.
ಹುತುತು ದಾರದಂಗ ಸಣ್ಣಾಗಿ ಎಳಿಲತ್ತಿತ್ತು.
ಘಾಳೆಪ್ಪನ ಕೈ ಚಾಚಿತು, ಬೆರಳು ಚಾಚಿತು,
ಉಗುರಿಗೆ ಸುಣ್ಣ ಹತ್ತಿತು.

ಅವತ್ತಿನಿಂದ ಚಹಾದಂಗಡಿಯೊಳಗ ಒಂದೇ ವಾದ.
ಅಣ್ಣ ಅಂತ ಬಿಟ್ಟ, ಅನ್ನೋರು ಅದಾರ.
ಎಣ್ಣಿ ಜಾರ್ತು, ಅನ್ನೋರು ಅದಾರ.
ಧೂಳಪ್ಪ ಸಾಯೂ ತನಕ ತನ್ನ ಅಂಗೈ ಮೂಸಿ
ಕುಸುಬಿ, ಅಂತಿದ್ದ, ಕುಸುಬಿ.
ಘಾಳೆಪ್ಪ ಹೂಂ ಅನಲಿಲ್ಲ, ಉಹೂಂ ಅನಲಿಲ್ಲ,
ಎಲಿಗೆ ಸುಣ್ಣ ಹಚ್ಚಿಕೋತ ಕುಂತ.

ನಾ ಮೊಳದ ದೂರದಾಗ ಕುಕ್ಕರಗಾಲಿಲೆ ಕುಂತಿದ್ದೆ,
ಡಬ್ಬಿ ತೊಡಿ ಮ್ಯಾಲ.
ಕೈ ಜಾರಲಿಲ್ಲ. ಕೈ ಬಿಡಲೂ ಇಲ್ಲ.
ಗೆರೆ ಅಲ್ಲಿ ಎರಡು ಬೆರಳು
ನಮ್ಮ ಅಂಗಳಕ್ಕ ಬಾಗಿ ಬಂದಿತ್ತು.

ಕೈ ಬಗ್ಗೆ ಎಲ್ಲರೂ ಕೇಳಿದರು.
ಗೆರೆ ಬಗ್ಗೆ ಒಬ್ಬರೂ ಕೇಳಲಿಲ್ಲ.
ಸುಣ್ಣದ ಹುಡುಗಾ, ನೀ ಎಲ್ಲಿ ಹುಟ್ಟಿದಿ,
ಅಂತನೂ ಕೇಳಲಿಲ್ಲ.
ನಾನೂ ನಮ್ಮವ್ವಗ ಚೊಚ್ಚಲ.