ಮಗ್ಗದ ಮ್ಯಾಲಿನ ಖೋಲಿ

ಮೊದಲನೇ ಮನೆಯಾತ ಊರು ಕೇಳಿದ.
ತೋಳನೂರ ಅಂದೆ.
ಅಕ್ಕಲಕೋಟ ತಾಲೂಕಾ, ಹಂಗಾರ ನಮ್ಮ ಕಡೆಯವರೇ
ಅಂತ ನಕ್ಕ, ನೀರು ತರಿಸಿಕೊಟ್ಟ.
ಆಮೇಲೆ ಅಡ್ಡಹೆಸರು ಕೇಳಿದ.
ಹೇಳಿದೆ.
ಖೋಲಿ ನಿನ್ನೇನೇ ಹೋಗ್ಯಾದ ಅಂತ
ಅವನಿಗೆ ಆಗ ನೆನಪಾಯ್ತು.
ಕುಡಿದ ಲೋಟ ಎಲ್ಲಿಡಬೇಕೋ ತಿಳಿಯದೆ
ಕಟ್ಟೆಯ ತುದಿಗಿಟ್ಟು ಬಂದೆ.

ಎರಡನೆಯದು ಸಾತ್ ರಸ್ತೆಯ ಹಿಂದೆ.
ಟೈಲ್ಸು, ಫ್ಯಾನು, ಮೂರು ತಿಂಗಳ ಡಿಪಾಜಿಟ್,
ನಾಲ್ಕು ದಿನಕ್ಕೊಮ್ಮೆ ನೀರು, ಅದೂ ಬಂದರೆ.
ಎಂಟಕ್ಕೆ ಗೇಟು ಹಾಕತೀವಿ,
ಗಂಡಸರ ಫೋನು ಬರೂ ಹಂಗಿಲ್ಲ.
ಅಪ್ಪಂದು? ಅಂತ ಕೇಳಿಬಿಟ್ಟಳು ಜಗದೇವಿ.
ಆಕೆಯ ಬಾಯಿಂದ ಹೋದ ಖೋಲಿ
ಅದೊಂದೇ ಅಲ್ಲ.

ಅಣ್ಣ ವಡಾಪ್ ಜೀಪು ಓಡಿಸ್ತಾನೆ.
ನಾನು ಬಾಡಿಗೆಯನ್ನು ಸೀಟಿನ ಲೆಕ್ಕದಲ್ಲಿ ಹಿಡೀತೀನಿ.
ಹನ್ನೆರಡು ನೂರು ಅಂದರೆ ನಲವತ್ತು ಸೀಟು,
ಡೀಸೆಲ್ಲು ಬಿಟ್ಟು, ಪೋಲೀಸರನ್ನು ಬಿಟ್ಟು.
ಅದಕ್ಕಿಂತ ಮೇಲೆ ಕೇಳಿದವರ ಮನೆಯಲ್ಲಿ
ಟಪ್ಪಿನ ಮೇಲೆ ಕೂತು, ಕಾಲು ಇಳಿಬಿಟ್ಟುಕೊಂಡು
ಬಿಸಿಲಲ್ಲಿ ಬರುವ ಮಂದಿ
ನನ್ನ ಕಣ್ಣ ಮುಂದೆ ಬರ್ತಿದ್ದರು.

ಹನ್ನೊಂದನೇ ದಿನ, ಭವಾನಿ ಪೇಟೆ.
ಅಂಬೂಬಾಯಿ ಎಮುಲ್ ಹೊಸ್ತಿಲಲ್ಲಿ ಬೀಡಿ ಕಟ್ಟುತ್ತಿದ್ದಳು.
ಮರಾಠಿಯಲ್ಲಿ ಮೂರು ಸಾವಿರ ಅಂದಳು,
ಒಳಗಿನ ಹುಡುಗನನ್ನು ತೆಲುಗಿನಲ್ಲಿ ಬೈದಳು,
ಎಲೆ ಕತ್ತರಿಸಿದಳು.
ಕೆಳಗೆ ನಾಲ್ಕು ಮಗ್ಗ, ಟಾವೆಲ್ಲಿನವು,
ನೆಲ ನಡುಗ್ತದ, ಹಗಲೂ ರಾತ್ರಿ,
ಆಮ್ಯಾಲೆ ಹೇಳಲಿಲ್ಲ ಅನಬ್ಯಾಡ್ರಿ.
ಶಬ್ದಕ್ಕೆ ಆರುನೂರು ಕಡಿಮೆ.
ಇನ್ನೊಂದು ಎಲೆ.
ಇಬ್ಬರಿಗೆ ಇಪ್ಪತ್ನಾಲ್ಕು ನೂರು.
ಜಗದೇವಿ ಬಾಯಿ ತೆರೆದಳು, ನಾನು ಆಕೆಯ ಕಾಲು ತುಳಿದೆ.

ಅಡ್ಡಹೆಸರು ಕೇಳಲಿಲ್ಲ ಮುದುಕಿ.
ಕೇಳಿದ್ದು ಒಂದೇ:
ದಮ್ಮು ಅದ ಏನು ಯಾರಿಗಾದರೂ?
ಒಳಗೆ ಯಾರೋ ಉದ್ದಕ್ಕೆ ಕೆಮ್ಮಿದರು.
ಅವಳು ತಲೆ ಎತ್ತಲಿಲ್ಲ,
ದಾರ ಸುತ್ತುವುದೂ ನಿಲ್ಲಲಿಲ್ಲ.

ಖಟ್ ಖಟಾ ಖಟ್ ಖಟಾ,
ಮೊದಲ ವಾರ ಹಲ್ಲಿನೊಳಗೇ ಮಗ್ಗ ನಡೀತಿತ್ತು.
ಆಮೇಲೆ ಅದೇ ತಾಳಕ್ಕೆ ಬೆಂಜೀನಿನ ಉಂಗುರ ಬಾಯಿಪಾಠ ಆಯ್ತು.
ವೈವಾದಲ್ಲಿ ಸರ್ ಕೇಳಿದರು,
ಇಷ್ಟು ಯಾಕ ಒದರ್ತೀ ಮಗಾ,
ನಾನೇನು ಕಿವುಡನೇನು?
ಮನೆಗೆ ಫೋನು ಮಾಡಿದರೆ ಅಣ್ಣ,
ರೈಲಿನ್ಯಾಗ ಇದ್ದೀಯೇನು ಅಂದ.
ಹೂಂ ಅಂದೆ.
ಎಲ್ಲಿಗೆ ಹೊಂಟೀ?
ಹೇಳಲಿಕ್ಕೆ ಹೊಳೀಲಿಲ್ಲ.

ತಲೆ ಬಾಚಿದರೆ ಅರಳೆ,
ಹಾಳೆಗಳ ನಡುವೆ ಅರಳೆ,
ರೊಟ್ಟಿ ಹಿಟ್ಟಿನಲ್ಲೂ ಇರಬೇಕು, ಹುಡುಕಲಿಲ್ಲ.

ಮೊನ್ನೆ ರಾತ್ರಿ ಎರಡಕ್ಕೆ ಕರೆಂಟು ಹೋಯ್ತು.
ಓಣಿಯ ಮಗ್ಗಗಳೆಲ್ಲ ಒಂದೇ ಏಟಿಗೆ ಬಂದ್.
ನಾವಿಬ್ಬರೂ ಎದ್ದು ಕೂತೆವು,
ಯಾರೋ ಹೊಡೆದೆಬ್ಬಿಸಿದ ಹಾಗೆ.
ಏನಾಯ್ತೇ? ಅಂದಳು ಜಗದೇವಿ, ಪಿಸುಗುಟ್ಟಿ.
ಆಕೆಗೆ ಪಿಸುಗುಟ್ಟಲು ಬರ್ತದೆ
ಅಂತ ನನಗೆ ಗೊತ್ತಿರಲಿಲ್ಲ.

ಕೆಳಗಿನ ಕೆಮ್ಮು ಈಗ
ನಮ್ಮ ಹಾಸಿಗೆಯ ಪಕ್ಕದಲ್ಲೇ ಕೂತಿತ್ತು.
ಒಂದೊಂದರ ನಡುವೆ ಎಷ್ಟು ಹೊತ್ತು ಅಂತ
ಇಬ್ಬರೂ ಎಣಿಸುತ್ತಿದ್ದೆವು, ಒಬ್ಬರಿಗೊಬ್ಬರು ಹೇಳದೆ.
ಆಗ ಜಿನ್ನದ ಬುಡದಿಂದ ದನಿ ಬಂತು,
ನೆಟ್ಟಗಿನ ಕನ್ನಡ,
ಆರು ತಿಂಗಳು ಎಲ್ಲಿಟ್ಟಿದ್ದಳೋ:
ಏ ತೋಳನೂರ,
ನಿದ್ದಿ ಬರವಲ್ದೇನs?

ಬಂದಿತ್ತು ಆಯಿ, ಅಂದೆ.
ಅಷ್ಟರಲ್ಲಿ ಕರೆಂಟು ಬಂತು.
ಒದರಿ ಹೇಳಬೇಕಿತ್ತು.
ಮೆಲ್ಲಗೆ ಹೇಳಿದ್ದೆ.