ಸುಮ್ಮನಿದ್ದಾಗ

ಮೂರನೇ ಸಲ ಹಿಂಗಾತು.
‘ಗದಗ ಬೆಟಗೇರಿಯ ಮಹಾಜನರೇ’ ಅಂದು
ಫಕೀರಸಾ ಕಾಕಾ ಉಸಿರು ತಗೊಳ್ಳಾಕ ನಿಂತ.
ಅಷ್ಟರಾಗ ಪರದೆ ಕಪ್ಪಾತು.
ಗಾದಿ ಕಟ್ಟಿದ ಗ್ವಾಡಿಗಳ ನಡುವ
ಫ್ಯಾನು ಒಮ್ಮೆ ಸುಂಯ್ ಅಂತ ತಿರುಗಿ
ಮಷೀನು ಮೊದಲಿಂದ ಎಣಿಸಾಕ ಹತ್ತಿತು,
ಏನೂ ಕೇಳೇ ಇಲ್ಲ ಅನ್ನೋರಂಗ.

ಈ ಮಷೀನು ನಾನ ಕಟ್ಟಿದ್ದು.
ಬಡಿಗೇರ ಮನಿ; ಡಬ್ಬಿ ಕೊಂಡು ತಂದ್ರ ಅಪ್ಪ ನಕ್ಕಾನು ಅಂತ
ಮುರಿದ ಕೈಮಗ್ಗದ ಸಾಗವಾನಿ ಹಲಗಿಯಾಗ ಕವಚ ಮಾಡಿದೆ.
ಬೋರ್ಡು ಹುಬ್ಬಳ್ಳಿಯ ಇರ್ಫಾನನ ಅಂಗಡಿದು, ಅರ್ಧ ಉದ್ರಿ.
‘ಹದಿನಾರು ಎಳಿ ಒಮ್ಮೆಲೆ ನೇಯತೈತಿ ಈ ಪ್ರೊಸೆಸರು’
ಅಂದಿದ್ದ. ನಮ್ಮ ಓಣಿಗೆ ತಕ್ಕ ಮಾತು.

ಮೊದಲು ಸಂಶೆ ಬಂದದ್ದು ರ‍್ಯಾಮಿನ ಮ್ಯಾಲೆ.
ಎರಡು ಪಟ್ಟಿಯೊಳಗ ಒಂದು ಕಿತ್ತೆ, ಅದನ್ನ ಹಾಕಿ ಇದನ್ನ ಕಿತ್ತೆ,
ಅಣ್ಣತಮ್ಮರನ್ನ ಬ್ಯಾರೆ ಬ್ಯಾರೆ ಕರೆದು ಕೇಳಿದಂಗ.
ಇಬ್ಬರದೂ ತಪ್ಪಿಲ್ಲ.
ಆಮ್ಯಾಲೆ ಪ್ರೊಸೆಸರಿನ ನೆತ್ತಿ ಒರೆಸಿ
ಪೇಸ್ಟು ಹೊಸದಾಗಿ ಸವರಿದೆ, ಎಲಿಗೆ ಸುಣ್ಣ ಹಚ್ಚಿದಷ್ಟು;
ಹೆಚ್ಚಾದ್ರ ಬಾಯಿ ಸುಡತೈತಿ, ಕಡಿಮಿಯಾದ್ರ ಕೆಂಪಾಗೂದಿಲ್ಲ.
ಕಾವು ಐವತ್ತೆಂಟು. ಅದೂ ಅಲ್ಲ.

‘ವೇಗ ಇಳಸು’ ಅಂದ ಇರ್ಫಾನ ಫೋನಿನಾಗ.
ಇಳಿಸಿದೆ.
‘ಹಂಗಾರ ರಾತ್ರಿ ಪೂರಾ ಜೀವ ಹೋಗೂಹಂಗ ದುಡಸು,
ತಾನ ಬಾಯಿ ಬಿಡತೈತಿ.’
ದುಡಿಸಿದೆ. ಹದಿನಾರೂ ಎಳಿ, ನೂರಕ್ಕ ನೂರು,
ಒಂಬತ್ತು ತಾಸು. ಒಂದು ತಪ್ಪಿಲ್ಲ.
ಪರೀಕ್ಷೆ ಬಂದ್ ಮಾಡಿ ಕೆಳಗಿಳಿದು ಚಾ ಕುಡಿದು ಬರೂದರಾಗ
ಏನೂ ಕೆಲಸ ಇಲ್ಲದ ಕುಂತಿದ್ದ ಮಷೀನು
ಬಿದ್ದಿತ್ತು.

ಇದರ ಅರ್ಥ ನನಗ ಅವತ್ತು ಹೊಳೀಲಿಲ್ಲ.
ಸುಳ್ಳ್ಯಾಕ ಹೇಳಲಿ, ಬೈದೆ.

ನಮ್ಮ ಓಣಿಯ ಜನ ಮಗ್ಗದ ಸಪ್ಪಳದಾಗ ಮಲಗೋರು.
ಖಟಕ್ ಖಟಕ್ ಇದ್ರ ಕೂಸಿಗೂ ನಿದ್ದಿ.
ಗುರುವಾರ ರಾತ್ರಿ ಎರಡೂವರಿಗೆ ಕರೆಂಟು ಹೋತು.
ಎಲ್ಲಾ ಮಗ್ಗ ಒಮ್ಮೆಲೆ ನಿಂತವು.
ಒಂದು ಗಳಿಗಿ ಏನೂ ಇಲ್ಲ.
ಆಮ್ಯಾಲೆ ಕೂಸುಗಳು, ನಾಯಿ, ಕದದ ಚಿಲಕ,
ಎದರು ಕಟ್ಟಿ ಮ್ಯಾಲೆ ಬೀಡಿಯ ಕೆಂಪು.
‘ನಿನಗೂ ಎಚ್ಚರಾತೇನೋ ಮೌನೇಶಾ’
ಅಂದ ಕಾಕಾ ಕತ್ತಲದಾಗ,
‘ಮಗ್ಗ ನಿಂತ್ರ ಎದಿ ಜಗ್ಗಿದಂಗಾಕ್ಕತಿ ನನಗ.’

ಮಹಡಿಗೆ ಓಡಿದೆ.
ಯುಪಿಎಸ್ಸು ಕುಂಯ್ ಕುಂಯ್ ಅಂತಿತ್ತು, ಹತ್ತು ನಿಮಿಷದ ಜೀವ ಅದಕ.
ಬೋರ್ಡಿನ ಸೆಟ್ಟಿಂಗ್ ತೆರೆದು, ಇಳಿದು, ಇಳಿದು,
ಯಾರೂ ಹೋಗದ ತಳದಾಗ ಒಂದು ಸಾಲು:
ಕೆಲಸ ಇಲ್ಲದಾಗ ಪ್ರೊಸೆಸರು ಎಷ್ಟು ಆಳ ಮಲಗಬೇಕು?
ವೋಲ್ಟು ಇಳಿಸಿಕೋತ ಇಳಿಸಿಕೋತ
ಮತ್ತ ಏಳಾಕ ಕಸುವು ಉಳೀತಿರಲಿಲ್ಲ ಪಾಪ.
ಎಂಟು ದಿನ ನಾನು ಅದರ ದುಡಿಮಿ ತಪಾಸ ಮಾಡಿದ್ದೆ.
ಆಳದ ನಿದ್ದಿ ಬಂದ್ ಮಾಡಿದೆ.
ವೇಗ ಮೊದಲಿನಂಗ ಏರಿಸಿದೆ.
ಯುಪಿಎಸ್ಸು ಸತ್ತಿತು.

ರವಿವಾರ ಕಾಕಾ ಬಂದ, ಸೀರಿ ಅಂಗಡಿಯ ಚೀಟಿ ಹಿಡಕೊಂಡು.
‘ಮಹಾಜನರೇ’ ಅಂದು ನಿಂತ.
ನಾ ಪರದೆ ನೋಡಿದೆ. ಅಂವ ನನ್ನ ನೋಡಿದ.
ಹಸಿರು ಗೆರಿ ಸಪಾಟಾಗಿ ಮುಂದ ಹೊಂಟಿತ್ತು.
ಇಬ್ಬರೂ ಕಾದಿವಿ, ನಾಕು ಸೆಕೆಂಡು.
ಆಟೋದಾಗ ಸಾರೋ ಜಾಹೀರಾತಿಗೆ ಇದು ಉದ್ದಾತು, ಕತ್ತರಿಸಬೇಕು.
ಇನ್ನೂ ಕತ್ತರಿಸಿಲ್ಲ.
ಹೆಡ್‌ಫೋನಿನಾಗ ದನಿ ಏರಿಸಿದ್ರ
ಗಾದಿ ದಾಟಿ ಬಂದ ಮಗ್ಗ ಕೇಳತಾವು,
ಕಾಕಾನ ಮೂಗಿನ ಗಾಳಿ,
ನನ್ನ ಕುರ್ಚಿ ಕಿರ್ ಅಂದದ್ದು.

ಹನ್ನೊಂದು ದಿನ ಆತು. ಬಿದ್ದಿಲ್ಲ.
ಇರ್ಫಾನ ಕೇಳಿದ, ‘ಏನಾಗಿತ್ತೋ ಅದಕ?’
‘ನಿದ್ದಿ’ ಅಂದೆ.
ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮ್ಯಾಲೆ, ‘ನನ್ನ ಉದ್ರಿ?’