ಆಕ್ಷೇಪಣೆ ಹದಿನಾಲ್ಕಕ್ಕೆ ಉತ್ತರ

ಮಾನ್ಯರೇ,
ರೋಗ ಬಂದವರು ಇಬ್ಬರು,
ಮಾತ್ರೆ ನುಂಗಿದವರು ನಾನೂರ ಹನ್ನೆರಡು ಮಂದಿ,
ಲೆಕ್ಕ ತಾಳೆಯಾಗುವುದಿಲ್ಲ ಎಂದು
ಹಸಿರು ಶಾಯಿಯಲ್ಲಿ ಬರೆದಿದ್ದೀರಿ.
ನಿಜ, ಆಗುವುದಿಲ್ಲ.
ಶಿಡ್ಲಘಟ್ಟದ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಗುಮಾಸ್ತ ನಾನು,
ತಾಳೆಯಾಗದ್ದು ನಿಮಗಿಂತ ಮೊದಲೇ ನನಗೆ ಚುಚ್ಚಿದೆ.

ಮೊದಲನೆಯವನು ಇಮ್ದಾದ್, ಹನ್ನೊಂದು ವರ್ಷ.
ಬೆಳಿಗ್ಗೆ ತಲೆನೋವು ಅಂದ,
ಮಧ್ಯಾಹ್ನಕ್ಕೆ ಕತ್ತು ಮರದ ಹಲಗೆ.
ಸಂಜೆ ನಮ್ಮ ಸಿಸ್ಟರ್ ಶಾಂತಮೇರಿ
ಅವನ ತೊಡೆಯ ನೇರಳೆ ಚುಕ್ಕೆಗೆ
ಗಾಜಿನ ಲೋಟ ಒತ್ತಿ ನೋಡಿದರು.
ಮಾಸಲಿಲ್ಲ.
ಆ ಲೋಟಕ್ಕೆ ಬಿಲ್ಲಿಲ್ಲ, ಟೀ ಅಂಗಡಿಯದು.
ವಿಜಯಪುರ ದಾಟಿದ ಮೇಲೆ
ಆಂಬುಲೆನ್ಸಿನ ಸೈರನ್ ನಿಂತಿತು.
ಡೀಸೆಲ್ ಬಿಲ್ಲು ಮಾತ್ರ ಹೋಗಿಬರುವುದಕ್ಕೆ ಇದೆ.

ಆಮೇಲಿನದು ಹೆಸರು ಬರೆಯುವ ಕೆಲಸ.
ಯಾರ ಲೋಟದಲ್ಲಿ ಕುಡಿದ, ಯಾರ ಪಕ್ಕ ಮಲಗಿದ,
ನೂಲು ಬಿಚ್ಚುವ ಶೆಡ್ಡಿನಲ್ಲಿ
ಯಾರ ಹೆಗಲಿಗೆ ಒರಗಿ ಕೆಮ್ಮಿದ.
ಒಂದು ಹೆಸರು ಎಳೆದರೆ ಇನ್ನೊಂದು ಬರುತ್ತಿತ್ತು,
ಬಿಸಿನೀರಿನಲ್ಲಿ ಕುಣಿಯುತ್ತಾ ಗೂಡು
ಎಳೆ ಬಿಟ್ಟುಕೊಟ್ಟ ಹಾಗೆ.
ಹರಿಯಬಾರದು ಅಷ್ಟೆ.

ಕೆಂಪು ಮಾತ್ರೆ, ಎರಡು ದಿನ, ಎರಡು ಹೊತ್ತು.
ಮರುದಿನ ಮೊಹಲ್ಲಾ ತುಂಬ ಗಲಾಟೆ:
ಉಚ್ಚೆಯಲ್ಲಿ ರಕ್ತ! ವಿಷ ಹಾಕಿದ್ದಾರೆ!
ರಕ್ತವಲ್ಲ, ಮಾತ್ರೆಯ ಬಣ್ಣ ಎಂದು
ಬಾಗಿಲು ಬಾಗಿಲು ತಿರುಗಿ ಸಿಸ್ಟರಿನ ಗಂಟಲು ಕಟ್ಟಿತು.
ಇಮ್ದಾದನ ತಾಯಿ ಜೈತೂನ್‌ಬಿ
ಬಿಳಿ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡರೆ
ಬಟ್ಟೆಯ ಮೇಲೆ ಕಿತ್ತಳೆ ಕಲೆ.
ಮಾತ್ರೆ ನುಂಗಿದ್ದಕ್ಕೆ ಪುರಾವೆ ಕೇಳಿದ್ದೀರಿ.
ಅದನ್ನು ವೋಚರಿಗೆ ಪಿನ್ನು ಮಾಡಲಾಗಲಿಲ್ಲ.

ಗೂಡಿನ ಮಾರುಕಟ್ಟೆ ಮುಚ್ಚಿದ್ದು ಐದು ದಿನ.
ಬೇಕಿರಲಿಲ್ಲ ಎಂದರು ಡಾಕ್ಟರು, ಮೆಲ್ಲಗೆ, ಆಮೇಲೆ.
ಭಯಕ್ಕೆ ಬೀಗ ಕಂಡರೆ ಸಮಾಧಾನ.
ಹುಳಕ್ಕೆ ಮಾತ್ರ ನೋಟಿಸು ಮುಟ್ಟಲಿಲ್ಲ,
ಚೀಲದೊಳಗೇ ಗೂಡು ಕೊರೆದು
ಒದ್ದೆ ರೆಕ್ಕೆಯ ಚಿಟ್ಟೆಗಳು ಹೊರಬಂದವು.
ತೂತುಬಿದ್ದ ಗೂಡನ್ನು ಯಾರು ಕೊಳ್ಳುತ್ತಾರೆ?
ಜಂಗಮಕೋಟೆಯ ಪಿಳ್ಳಮ್ಮ
ಎರಡು ಚೀಲ ನಮ್ಮ ಮೆಟ್ಟಿಲ ಮೇಲೆ ಸುರಿದು
ಬೈಯಲೂ ಇಲ್ಲ, ಹೊರಟುಹೋದಳು.
ರೆಕ್ಕೆಯಿದ್ದೂ ಹಾರಲಾರದವು
ಸಂಜೆತನಕ ಫೈಲುಗಳ ಮೇಲೆ ತೆವಳಿದವು.
ಈ ನಷ್ಟ ಯಾವ ಕಾಲಮ್ಮಿನಲ್ಲೂ ಇಲ್ಲ,
ನೀವೂ ಕೇಳಿಲ್ಲ.

ಬಾರದ ರೋಗಕ್ಕೆ ರಸೀದಿ ಎಲ್ಲಿಂದ ತರಲಿ?
ಎಷ್ಟು ಮನೆಗಳಲ್ಲಿ ಏನೂ ಆಗಲಿಲ್ಲ ಎಂದು
ಯಾವ ರಿಜಿಸ್ಟರಿನಲ್ಲಿ ಬರೆಯಲಿ?
ಬಂದದ್ದನ್ನು ಬರೆಯುತ್ತೇನೆ.

ಎರಡನೆಯವಳು ಚರಿತಾ, ಆರು ವರ್ಷ.
ಶೆಡ್ಡಿನ ಹಿಂದೆ, ಹಿಪ್ಪುನೇರಳೆ ಕಡ್ಡಿಗಳ ರಾಶಿಯ ಹತ್ತಿರ
ಇಮ್ದಾದನ ಜೊತೆ ಒಂದೇ ಪೀಪಿ ಊದಿದವಳು.
ಅಲ್ಲಿ ಆಡುವ ಮಕ್ಕಳ ಬಗ್ಗೆ ಯಾರೂ ಹೇಳಲಿಲ್ಲ.
ನಾನು ಕೇಳಲಿಲ್ಲ. ಊಟದ ಹೊತ್ತಾಗಿತ್ತು.
ಬದುಕಿದಳು. ಕಿವಿ ಎರಡೂ ಹೋದವು.

ಆದ್ದರಿಂದ ಮಾನ್ಯರೇ, ಲೆಕ್ಕ ತಪ್ಪಿದೆ, ಒಪ್ಪುತ್ತೇನೆ.
ನಾನೂರ ಹದಿಮೂರು ಇರಬೇಕಿತ್ತು.

ಈಗ ಅವಳು ಶಾಲೆಗೆ ನಮ್ಮ ಕಚೇರಿಯ ಮುಂದೆಯೇ ಹೋಗುತ್ತಾಳೆ.
ಹಿಂದಿನಿಂದ ಲಾರಿ ಎಷ್ಟು ಹಾರನ್ ಹೊಡೆದರೂ
ರಸ್ತೆ ನಡುವೆ ಹಾಯಾಗಿ ನಡೆಯುತ್ತಾಳೆ.
ಒಂಬತ್ತೂ ಮುಕ್ಕಾಲಿಗೆ
ನಾನು ಕುರ್ಚಿಯಲ್ಲಿ ಇರುವುದಿಲ್ಲ.
ಅದಕ್ಕೂ ಒಂದು ಆಕ್ಷೇಪಣೆ ಬರೆದುಕೊಳ್ಳಿ.